ನೆಲ ಬಿಟ್ಟ ಮೊದಲ ನಿಮಿಷ: ಮನೆಯಲ್ಲಿ ಕಟ್ಟಿದ ವಿಮಾನ ಟೇಕಾಫ್‌ನಲ್ಲೇ ಹಿಡಿತ ತಪ್ಪುವುದೇಕೆ?

1903ರ ಡಿಸೆಂಬರ್ 14. ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಕಿಟಿ ಹಾಕ್ ಬಳಿಯ ಮರಳು ದಿಬ್ಬ. ಸೈಕಲ್ ಅಂಗಡಿ ನಡೆಸುತ್ತಿದ್ದ ಇಬ್ಬರು ಸೋದರರು ತಾವೇ ಕಟ್ಟಿದ ಯಂತ್ರವನ್ನು ಮರದ ಹಳಿಯ ಮೇಲೆ ನಿಲ್ಲಿಸಿದ್ದರು. ನಾಣ್ಯ ಚಿಮ್ಮಿ ನೋಡಿದಾಗ ಮೊದಲ ಸರದಿ ಅಣ್ಣ ವಿಲ್ಬರ್ ರೈಟ್ ಪಾಲಿಗೆ ಬಂತು. ಹಳಿ ಬಿಟ್ಟ ಯಂತ್ರ ಮೂತಿಯನ್ನು ತೀರಾ ಮೇಲಕ್ಕೆತ್ತಿತು, ವೇಗ ಕಳೆದುಕೊಂಡಿತು, ಮೂರೂವರೆ ಸೆಕೆಂಡಿನೊಳಗೆ ಮರಳಿಗೆ ಬಿತ್ತು. ಎತ್ತರ ಕಡಿಮೆಯಿದ್ದುದರಿಂದ ವಿಲ್ಬರ್ ಬದುಕಿಕೊಂಡರು. ಮೂರು ದಿನಗಳ ನಂತರ, ರಿಪೇರಿಯಾದ ಅದೇ ಯಂತ್ರದಲ್ಲಿ ತಮ್ಮ ಆರ್ವಿಲ್ 12 ಸೆಕೆಂಡು ಹಾರಿದ್ದು ಈಗ ಇತಿಹಾಸ.

ಶಾಲಾ ಪಠ್ಯಗಳು ಡಿಸೆಂಬರ್ 17ನ್ನು ಮಾತ್ರ ನೆನಪಿಡುತ್ತವೆ. ಆದರೆ ಸ್ವಂತ ಕೈಯಿಂದ ವಿಮಾನ ಕಟ್ಟಿ ಹಾರಿಸುವವರ ಪಾಲಿಗೆ ಡಿಸೆಂಬರ್ 14ರ ಪಾಠವೇ ದೊಡ್ಡದು. ನೂರಿಪ್ಪತ್ತು ವರ್ಷಗಳು ಕಳೆದಿವೆ. ಎಂಜಿನ್‌ಗಳು ಬದಲಾಗಿವೆ, ಬಟ್ಟೆ ಮತ್ತು ಮರದ ಜಾಗಕ್ಕೆ ಅಲ್ಯೂಮಿನಿಯಂ ಹಾಗೂ ಫೈಬರ್ ಬಂದಿದೆ. ಆದರೂ ಟೇಕಾಫ್ ವೇಳೆ ನಿಯಂತ್ರಣ ತಪ್ಪಿ ಬೀಳುವ ಅಪಘಾತಗಳು ಇಂದಿಗೂ ನಿಂತಿಲ್ಲ. ವಿಲ್ಬರ್ ಮಾಡಿದ ತಪ್ಪನ್ನೇ ಹೆಚ್ಚು ಎತ್ತರದಲ್ಲಿ ಮಾಡಿದವರಲ್ಲಿ ಅನೇಕರು ಬದುಕುಳಿಯಲಿಲ್ಲ.

ಇಂತಹ ದುರಂತದ ಸುದ್ದಿ ಓದಿದ ಕೂಡಲೇ ಮನೆಯಲ್ಲಿ ಕಟ್ಟಿದ ವಿಮಾನವಲ್ಲವೇ, ಏನೋ ಮುರಿದಿರಬೇಕು ಎಂಬ ತೀರ್ಮಾನಕ್ಕೆ ಬರುವುದು ಸಹಜ. ತನಿಖೆಗಳು ಹೇಳುವುದು ಅಷ್ಟು ಸರಳವಾಗಿಲ್ಲ. ಎಷ್ಟೋ ಪ್ರಕರಣಗಳಲ್ಲಿ ನೆಲಕ್ಕೆ ಅಪ್ಪಳಿಸುವ ಕ್ಷಣದವರೆಗೂ ವಿಮಾನ ಹಾರಬಲ್ಲ ಸ್ಥಿತಿಯಲ್ಲೇ ಇರುತ್ತದೆ. ಆ ನಿರ್ದಿಷ್ಟ ವಿಮಾನದ ಸ್ವಭಾವ ಪೈಲಟ್‌ಗೆ ಇನ್ನೂ ಗೊತ್ತಿರುವುದಿಲ್ಲ, ಅದನ್ನು ಕಲಿಯಲು ಬೇಕಾದ ಸಮಯವೂ ಎತ್ತರವೂ ಟೇಕಾಫ್‌ನಲ್ಲಿ ಸಿಗುವುದಿಲ್ಲ.

ಗ್ಯಾರೇಜಿನಿಂದ ಗಗನಕ್ಕೆ

ಅಮೆರಿಕದಲ್ಲಿ ವಿಮಾನವನ್ನು ಮನೆಯ ಗ್ಯಾರೇಜಿನಲ್ಲಿ ಕಟ್ಟುವುದು ಕಾನೂನುಬದ್ಧ ಹವ್ಯಾಸ. ವಿಮಾನದ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲನ್ನು ಕಲಿಕೆಗಾಗಿ ಅಥವಾ ಸ್ವಂತ ಸಂತೋಷಕ್ಕಾಗಿ ಹವ್ಯಾಸಿಗಳೇ ಮಾಡಿದ್ದರೆ ಅದಕ್ಕೆ ‘ಪ್ರಾಯೋಗಿಕ’ ಎಂಬ ವರ್ಗದಲ್ಲಿ ಹಾರಾಟದ ಪ್ರಮಾಣಪತ್ರ ದೊರೆಯುತ್ತದೆ. ಇದನ್ನು ಶೇ. 51ರ ನಿಯಮ ಎಂದೇ ಕರೆಯುವ ರೂಢಿಯಿದೆ. ಕಾರ್ಖಾನೆಯ ವಿಮಾನಗಳಿಗೆ ಅನ್ವಯಿಸುವ ಸುರಕ್ಷತಾ ನಿಯಮಗಳನ್ನು ಈ ವಿಮಾನ ಪಾಲಿಸಿಲ್ಲ ಎಂಬ ಎಚ್ಚರಿಕೆಯ ಫಲಕವನ್ನು ಪ್ರಯಾಣಿಕರಿಗೆ ಕಾಣುವಂತೆ ಒಳಗೆ ಅಂಟಿಸುವುದು ಕಡ್ಡಾಯ.

ಈ ಹವ್ಯಾಸದ ಬೇರು ಹಳೆಯದು. ಮಿನ್ನೆಸೊಟಾದ ಬರ್ನಾರ್ಡ್ ಪೀಟನ್‌ಪೋಲ್ 1920ರ ದಶಕದ ಕೊನೆಗೆ ಫೋರ್ಡ್ ಕಾರಿನ ಎಂಜಿನ್ನನ್ನೇ ಜೋಡಿಸಿ ಹಾರುವ ಮರದ ವಿಮಾನವನ್ನು ರೂಪಿಸಿದ್ದರು. 1953ರಲ್ಲಿ ಪಾಲ್ ಪೊಬರೆಜ್ನಿ ವಿಸ್ಕಾನ್ಸಿನ್‌ನಲ್ಲಿ ಸ್ಥಾಪಿಸಿದ ಪ್ರಾಯೋಗಿಕ ವಿಮಾನ ಸಂಘ, ಇಎಎ, ಇಂದು ಪ್ರತಿ ವರ್ಷ ಜುಲೈ ಅಂತ್ಯದಲ್ಲಿ ಆಶ್‌ಕಾಷ್ ಎಂಬ ಊರಿನಲ್ಲಿ ಜಾತ್ರೆಯಂತಹ ಸಮ್ಮೇಳನ ನಡೆಸುತ್ತದೆ. ಒರೆಗಾನ್ ರಾಜ್ಯದ ವ್ಯಾನ್ಸ್ ಕಂಪನಿಯ ಬಿಡಿಭಾಗಗಳ ಕಿಟ್‌ನಿಂದ ಕಟ್ಟಿ ಹಾರಿಸಿದ ವಿಮಾನಗಳ ಸಂಖ್ಯೆಯೇ ಹನ್ನೊಂದು ಸಾವಿರ ದಾಟಿದೆ.

ಒಂದು ವಿಮಾನ ಕಟ್ಟಲು ಎರಡು ವರ್ಷವೂ ಆಗಬಹುದು, ಹತ್ತು ವರ್ಷವೂ ಆಗಬಹುದು. ಒಂದೇ ನಕ್ಷೆಯಿಂದ ಕಟ್ಟಿದರೂ ಎರಡು ವಿಮಾನಗಳು ಒಂದೇ ಥರ ಇರುವುದಿಲ್ಲ. ಒಬ್ಬರು ಭಾರದ ಎಂಜಿನ್ ಹಾಕಿರುತ್ತಾರೆ, ಇನ್ನೊಬ್ಬರು ಇಂಧನದ ಕೊಳವೆಯ ದಾರಿ ಬದಲಿಸಿರುತ್ತಾರೆ, ಮತ್ತೊಬ್ಬರ ರೆಕ್ಕೆ ಕೂದಲೆಳೆಯಷ್ಟು ಓರೆಯಾಗಿ ಕೂತಿರುತ್ತದೆ. ಕಾರ್ಖಾನೆಯಲ್ಲಿ ಒಂದು ಮಾದರಿಯನ್ನು ವೃತ್ತಿಪರ ಪರೀಕ್ಷಾ ಪೈಲಟ್‌ಗಳು ತಿಂಗಳುಗಟ್ಟಲೆ ಹಾರಿಸಿದ ಮೇಲೆಯೇ ಅದು ಗ್ರಾಹಕರ ಕೈ ಸೇರುತ್ತದೆ. ಮನೆಯಲ್ಲಿ ಕಟ್ಟಿದ ಪ್ರತಿ ವಿಮಾನಕ್ಕೂ ಮೊದಲ ಹಾರಾಟವೇ ಪರೀಕ್ಷಾ ಹಾರಾಟ.

ಅಂಕಿ ಅಂಶ ಏನು ಹೇಳುತ್ತದೆ?

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2012ರಲ್ಲಿ ಹವ್ಯಾಸಿ ನಿರ್ಮಿತ ವಿಮಾನಗಳ ಕುರಿತೇ ಒಂದು ಸಮಗ್ರ ಅಧ್ಯಯನ ಪ್ರಕಟಿಸಿತು. 2011ರಲ್ಲಿ ನಡೆದ ಇಂತಹ 224 ಅಪಘಾತಗಳನ್ನು ಅದು ವಿವರವಾಗಿ ಪರಿಶೀಲಿಸಿತ್ತು. ಆಗ ಆ ದೇಶದಲ್ಲಿ ಸುಮಾರು 33 ಸಾವಿರ ಹವ್ಯಾಸಿ ವಿಮಾನಗಳಿದ್ದವು. ಖಾಸಗಿ ಹಾಗೂ ಲಘು ವಿಮಾನಗಳ ಒಟ್ಟು ಸಂಖ್ಯೆಯಲ್ಲಿ ಅವುಗಳ ಪಾಲು ಹತ್ತಿರ ಹತ್ತಿರ ಶೇ. 10. ಆದರೆ ಅಪಘಾತಗಳಲ್ಲಿ ಅವುಗಳ ಪಾಲು ಶೇ. 15, ಸಾವು ತಂದ ಅಪಘಾತಗಳಲ್ಲಿ ಶೇ. 21.

ಕಾರಣಗಳ ಪಟ್ಟಿಯಲ್ಲಿ ಎರಡು ಸಂಗತಿಗಳು ಉಳಿದೆಲ್ಲವನ್ನೂ ಬಹಳ ಹಿಂದೆ ಹಾಕಿದ್ದವು. ಒಂದು, ಎಂಜಿನ್ ಕೈಕೊಡುವುದು. ಇನ್ನೊಂದು, ಹಾರಾಟದಲ್ಲಿ ನಿಯಂತ್ರಣ ತಪ್ಪುವುದು. ಅಪಘಾತಕ್ಕೀಡಾದ ವಿಮಾನಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಹಾರಿಸುತ್ತಿದ್ದವರು ಸ್ವತಃ ಕಟ್ಟಿದವಾಗಿರಲಿಲ್ಲ, ಬೇರೆಯವರಿಂದ ಕೊಂಡವಾಗಿದ್ದವು. ವಿಮಾನದ ಆಯುಷ್ಯದ ಆರಂಭದ ಗಂಟೆಗಳಲ್ಲಿ ಹಾಗೂ ಹೊಸ ಮಾಲೀಕನ ಕೈ ಸೇರಿದ ಮೊದಲ ಗಂಟೆಗಳಲ್ಲಿ ಅಪಘಾತಗಳು ದಟ್ಟವಾಗಿದ್ದವು.

ಈ ಕೊನೆಯ ಅಂಶ ಮುಖ್ಯವಾದುದು. ಹೊಸ ವಿಮಾನವೇ ಇರಲಿ, ಹಳೆಯ ವಿಮಾನಕ್ಕೆ ಹೊಸ ಮಾಲೀಕನೇ ಇರಲಿ, ಎರಡರಲ್ಲೂ ಇರುವುದು ಅಪರಿಚಿತತೆ. ಪ್ರತಿ ಹಾರಾಟವೂ ಟೇಕಾಫ್‌ನಿಂದಲೇ ಆರಂಭವಾಗುವುದರಿಂದ ಆ ಅಪರಿಚಿತತೆಯ ಮೊದಲ ಪರೀಕ್ಷೆಯೂ ಅಲ್ಲಿಯೇ ನಡೆಯುತ್ತದೆ.

ರನ್‌ವೇ ಮೇಲಿನ ಎಳೆದಾಟ

ಪೈಲಟ್ ಪೂರ್ತಿ ಶಕ್ತಿ ಕೊಟ್ಟು ಎಂಜಿನ್ ಓಡಿಸಿದ ಕ್ಷಣದಿಂದಲೇ ತೊಂದರೆ ಆರಂಭವಾಗಬಹುದು. ಮುಂದೆ ಪ್ರೊಪೆಲ್ಲರ್ ಇರುವ ವಿಮಾನ ಸಹಜವಾಗಿ ನೇರ ಓಡುವುದಿಲ್ಲ. ಅಮೆರಿಕದ ಬಹುತೇಕ ಎಂಜಿನ್‌ಗಳಲ್ಲಿ ಪ್ರೊಪೆಲ್ಲರ್, ಪೈಲಟ್ ಕಣ್ಣಿಗೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತದೆ. ಅದಕ್ಕೆ ಪ್ರತಿಯಾಗಿ ವಿಮಾನದ ದೇಹ ಎಡಕ್ಕೆ ವಾಲಲು ನೋಡುತ್ತದೆ. ಪ್ರೊಪೆಲ್ಲರ್ ಹಿಂದಕ್ಕೆ ತಳ್ಳುವ ಗಾಳಿ ಸುರುಳಿಯಾಗಿ ಬಂದು ಬಾಲದ ಎಡ ಮಗ್ಗುಲಿಗೆ ಬಡಿಯುತ್ತದೆ. ಮೂತಿ ಮೇಲಕ್ಕಿದ್ದಾಗ ಕೆಳಮುಖವಾಗಿ ಚಲಿಸುವ ಬಲಗಡೆಯ ಅಲಗು ಹೆಚ್ಚು ಗಾಳಿ ಕಚ್ಚುತ್ತದೆ. ಎಲ್ಲದರ ಪರಿಣಾಮ ಒಂದೇ: ಮೂತಿ ಎಡಕ್ಕೆ ಎಳೆಯುತ್ತದೆ. ಬಲಗಾಲಿನಿಂದ ರಡ್ಡರ್ ಪೆಡಲ್ ಒತ್ತಿ ಅದನ್ನು ಹಿಡಿದಿಡಬೇಕು. ಕೆಲವು ಎಂಜಿನ್‌ಗಳು ವಿರುದ್ಧ ದಿಕ್ಕಿನಲ್ಲಿ ತಿರುಗುತ್ತವೆ. ಅಲ್ಲಿ ಎಳೆತವೂ ಬಲಕ್ಕೆ. ವರ್ಷಗಟ್ಟಲೆ ಬಲಗಾಲಿಗೆ ಒಗ್ಗಿದವರಿಗೆ ಅಂತಹ ವಿಮಾನದಲ್ಲಿ ಗಲಿಬಿಲಿ ಖಚಿತ.

ಹಗುರವಾದ ದೇಹಕ್ಕೆ ಬಲವಾದ ಎಂಜಿನ್ ಕೂರಿಸುವುದು ಹವ್ಯಾಸಿಗಳ ಪ್ರೀತಿಯ ಅಭ್ಯಾಸ. ಹಾಗಾಗಿ ತರಬೇತಿ ಶಾಲೆಯ ವಿಮಾನಕ್ಕಿಂತ ಇಲ್ಲಿ ಎಳೆತ ಜೋರು, ವೇಗ ಏರುವುದೂ ಬೇಗ. ಹಿಂಬದಿ ಪುಟ್ಟ ಚಕ್ರವಿರುವ ವಿಮಾನಗಳಲ್ಲಿ ಇನ್ನೊಂದು ಕಷ್ಟವಿದೆ. ಅವುಗಳ ಭಾರದ ಕೇಂದ್ರ ಮುಖ್ಯ ಚಕ್ರಗಳ ಹಿಂದಿರುತ್ತದೆ. ಮೂತಿ ಸ್ವಲ್ಪ ಅಡ್ಡ ತಿರುಗಿದರೂ ಹಿಂದಿನ ಭಾರ ಮುಂದಕ್ಕೆ ನುಗ್ಗಲು ಹವಣಿಸಿ ಆ ತಿರುವನ್ನು ಹೆಚ್ಚಿಸುತ್ತದೆ. ಸಕಾಲದಲ್ಲಿ ತಡೆಯದಿದ್ದರೆ ವಿಮಾನ ಬುಗುರಿಯಂತೆ ಗಿರಕಿ ಹೊಡೆದು ರನ್‌ವೇ ಬಿಟ್ಟು ಹೋಗುತ್ತದೆ.

ಇಲ್ಲಿ ಪೈಲಟ್ ಮಾಡಬೇಕಾದ್ದು ಸುಲಭ: ಥ್ರಾಟಲ್ ಹಿಂದಕ್ಕೆಳೆದು ಟೇಕಾಫ್ ಕೈಬಿಡುವುದು. ಅನೇಕರು ಮಾಡುವುದು ಅದಕ್ಕೆ ತದ್ವಿರುದ್ಧ. ರನ್‌ವೇ ಅಂಚು ಹತ್ತಿರವಾಗುತ್ತಿದ್ದಂತೆ ಹೇಗಾದರೂ ನೆಲ ಬಿಟ್ಟರೆ ಸಾಕೆಂದು ಕಂಟ್ರೋಲ್ ಸ್ಟಿಕ್ ಹಿಂದಕ್ಕೆ ಎಳೆಯುತ್ತಾರೆ. ಅಲ್ಲಿಂದ ಮುಂದಿನದು ಹೆಚ್ಚು ಅಪಾಯದ ಅಧ್ಯಾಯ.

ರೆಕ್ಕೆ ಸೋಲುವ ಕ್ಷಣ

ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಬೇಕಾದರೆ ಅದರ ಮೇಲೆ ಗಾಳಿ ಅಂಟಿಕೊಂಡಂತೆ ಹರಿಯಬೇಕು. ಎದುರು ಬರುವ ಗಾಳಿಗೆ ರೆಕ್ಕೆ ಒಡ್ಡಿಕೊಂಡ ಕೋನ ಹೆಚ್ಚಿದಷ್ಟೂ ಎತ್ತುವ ಬಲ ಹೆಚ್ಚುತ್ತದೆ. ಆದರೆ ಒಂದು ಮಿತಿಯವರೆಗೆ ಮಾತ್ರ. ಸಾಮಾನ್ಯ ರೆಕ್ಕೆಗಳಲ್ಲಿ ಸುಮಾರು 15ರಿಂದ 18 ಡಿಗ್ರಿ ದಾಟಿದರೆ ಗಾಳಿಯ ಹರಿವು ಕಿತ್ತುಹೋಗಿ ಎತ್ತುವ ಬಲ ಕುಸಿಯುತ್ತದೆ. ಇದಕ್ಕೆ ವೈಮಾನಿಕ ಭಾಷೆಯಲ್ಲಿ ಸ್ಟಾಲ್ ಎನ್ನುತ್ತಾರೆ. ಎಂಜಿನ್ ನಿಂತುಹೋಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಎಂಜಿನ್ ಪೂರ್ತಿ ಅಬ್ಬರಿಸುತ್ತಿರುವಾಗಲೇ ರೆಕ್ಕೆ ಸೋಲಬಹುದು.

ಮೂತಿ ನೇರವಿಲ್ಲದೆ ಅಡ್ಡ ಜಾರುತ್ತಿರುವಾಗ ಸ್ಟಾಲ್ ಆದರೆ ಎರಡು ರೆಕ್ಕೆಗಳಲ್ಲಿ ಒಂದು ಮೊದಲು ಸೋಲುತ್ತದೆ. ವಿಮಾನ ಆ ಕಡೆಗೆ ಮಗುಚಿ ಸುತ್ತುತ್ತಾ ಬೀಳುತ್ತದೆ. ಸಾವಿರಾರು ಅಡಿ ಎತ್ತರದಲ್ಲಿ ಇದರಿಂದ ಚೇತರಿಸಿಕೊಳ್ಳುವ ವಿಧಾನವಿದೆ: ಸ್ಟಿಕ್ ಮುಂದಕ್ಕೆ ತಳ್ಳಿ, ಸುತ್ತುವಿಕೆಗೆ ಎದುರಾದ ಪೆಡಲ್ ಒತ್ತಿ, ವೇಗ ಮರಳಿದ ಮೇಲೆ ಮೂತಿ ಎತ್ತಬೇಕು. ಅದಕ್ಕೆ ನೂರಾರು ಅಡಿ ಎತ್ತರ ಖರ್ಚಾಗುತ್ತದೆ. ಟೇಕಾಫ್ ಆದ ಅರ್ಧ ನಿಮಿಷದಲ್ಲಿ ಅಷ್ಟು ಎತ್ತರ ಕೈಯಲ್ಲಿರುವುದಿಲ್ಲ.

ನೆಲವೂ ಒಂದು ಮೋಸ ಮಾಡುತ್ತದೆ. ವಿಮಾನ ನೆಲಕ್ಕೆ ತೀರಾ ಹತ್ತಿರವಿದ್ದಾಗ, ಸ್ಥೂಲವಾಗಿ ತನ್ನ ರೆಕ್ಕೆಗಳ ಅಗಲಕ್ಕಿಂತ ಕಡಿಮೆ ಎತ್ತರದಲ್ಲಿದ್ದಾಗ, ರೆಕ್ಕೆಯ ತುದಿಗಳಲ್ಲಿ ಏಳುವ ಸುಳಿಗಳಿಗೆ ನೆಲ ಅಡ್ಡಿಯಾಗುವುದರಿಂದ ಗಾಳಿಯ ಎಳೆತ ಕಡಿಮೆಯಾಗುತ್ತದೆ. ಹೀಗಾಗಿ ಸಾಕಷ್ಟು ವೇಗವಿಲ್ಲದೆಯೂ ವಿಮಾನ ನೆಲ ಬಿಟ್ಟೇಳಬಹುದು. ಹಾರಿತು ಎಂದು ಭಾವಿಸಿ ಪೈಲಟ್ ಮೂತಿ ಎತ್ತಿದರೆ ಕೆಲವೇ ಮೀಟರ್ ಮೇಲೆ ಈ ಆಸರೆ ತಪ್ಪುತ್ತದೆ. ವಿಮಾನ ಏರಲೂ ಆಗದೆ, ವೇಗ ಹೆಚ್ಚಿಸಲೂ ಆಗದೆ ಒದ್ದಾಡುತ್ತದೆ. ಮತ್ತಷ್ಟು ಸ್ಟಿಕ್ ಎಳೆದರೆ ಸ್ಟಾಲ್.

ಭಾರದ ಹಂಚಿಕೆಯೂ ಇಷ್ಟೇ ನಿರ್ಣಾಯಕ. ವಿಮಾನದ ಗುರುತ್ವ ಕೇಂದ್ರ ನಿಗದಿತ ಮಿತಿಗಿಂತ ಹಿಂದೆ ಹೋದರೆ ಮೂತಿ ತಾನಾಗಿಯೇ ಮೇಲೇಳುತ್ತದೆ, ಸ್ಟಿಕ್ ಮುಂದಕ್ಕೆ ತಳ್ಳಿದರೂ ಮಣಿಯದೆ ಹೋಗಬಹುದು. ನಕ್ಷೆಯಲ್ಲಿಲ್ಲದ ಬ್ಯಾಟರಿಯನ್ನು ಬಾಲದಲ್ಲಿ ಇಡುವುದು, ಸೀಟಿನ ಹಿಂದೆ ಸಾಮಾನು ತುಂಬುವುದು ಇವೆಲ್ಲ ಕೇಂದ್ರವನ್ನು ಹಿಂದಕ್ಕೆ ಎಳೆಯುತ್ತವೆ. ವಿಮಾನವನ್ನು ತಕ್ಕಡಿಗಳ ಮೇಲೆ ನಿಲ್ಲಿಸಿ ತೂಗದೆ, ಕಾಗದದ ಲೆಕ್ಕವನ್ನಷ್ಟೇ ನಂಬಿ ಹಾರುವುದು ಅಪಾಯಕ್ಕೆ ಆಹ್ವಾನ.

ಕಾರ್ಖಾನೆಯ ವಿಮಾನಗಳಲ್ಲಿ ಸ್ಟಾಲ್ ಸಮೀಪಿಸಿದಾಗ ಎಚ್ಚರಿಕೆ ಸಿಗುವ ವ್ಯವಸ್ಥೆ ಇರಲೇಬೇಕು. ಹವ್ಯಾಸಿ ವಿಮಾನಕ್ಕೆ ಆ ಕಡ್ಡಾಯವಿಲ್ಲ. ಎಷ್ಟು ವೇಗಕ್ಕೆ ತನ್ನ ವಿಮಾನ ಸ್ಟಾಲ್ ಆಗುತ್ತದೆ ಎಂಬುದು ಮೊದಲ ಬಾರಿ ಹಾರುವ ಪೈಲಟ್‌ಗೆ ಬರೀ ಅಂದಾಜು. ವೇಗ ತೋರಿಸುವ ಮಾಪಕವೇ ಸರಿಯಿದೆಯೇ ಎಂಬುದೂ ಅಲ್ಲಿಯವರೆಗೆ ಪರೀಕ್ಷೆಗೆ ಒಳಪಟ್ಟಿರುವುದಿಲ್ಲ.

ಹಿಂತಿರುಗುವ ಆಸೆ

ಎಂಜಿನ್ ಕೈಕೊಡುವುದು ಮತ್ತು ನಿಯಂತ್ರಣ ತಪ್ಪುವುದು ಪಟ್ಟಿಯಲ್ಲಿ ಬೇರೆ ಬೇರೆ ಸಾಲುಗಳಾದರೂ ಟೇಕಾಫ್‌ನಲ್ಲಿ ಮೊದಲನೆಯದು ಎರಡನೆಯದಕ್ಕೆ ದಾರಿ ಮಾಡಿಕೊಡುತ್ತದೆ. ಮೇಲೇರುತ್ತಿರುವ ವಿಮಾನದ ಎಂಜಿನ್ ನಿಂತರೆ ಮೂತಿ ಇನ್ನೂ ಆಕಾಶದ ಕಡೆಗೇ ಇರುತ್ತದೆ, ವೇಗ ಮಾತ್ರ ಕರಗುತ್ತದೆ. ಮಾಡಬೇಕಾದ ಮೊದಲ ಕೆಲಸ ಮೂತಿ ಕೆಳಗಿಳಿಸುವುದು. ನೆಲ ಹತ್ತಿರವಿರುವಾಗ ನೆಲದ ಕಡೆಗೇ ಮೂತಿ ತಿರುಗಿಸಲು ಮನಸ್ಸು ಒಪ್ಪುವುದಿಲ್ಲ. ಆಘಾತದಲ್ಲಿ ಮೂರ್ನಾಲ್ಕು ಸೆಕೆಂಡು ಕಳೆದುಹೋಗುತ್ತದೆ.

ಅನಂತರ ಕಾಡುವುದು, ಈಗಷ್ಟೇ ಬಿಟ್ಟುಬಂದ ರನ್‌ವೇಗೆ ಹಿಂತಿರುಗುವ ಆಸೆ. ಬರೀ 180 ಡಿಗ್ರಿ ತಿರುಗಿದರೆ ವಿಮಾನ ರನ್‌ವೇ ಪಕ್ಕಕ್ಕೆ ಬರುತ್ತದೆಯೇ ಹೊರತು ರನ್‌ವೇ ಮೇಲಲ್ಲ. ಇನ್ನಷ್ಟು ತಿರುಗಿ, ಮತ್ತೆ ಎದುರು ದಿಕ್ಕಿಗೆ ಹೊರಳಿ ನೇರವಾಗಬೇಕು. ತಿರುವಿನಲ್ಲಿ ವಾಲಿದಷ್ಟೂ ರೆಕ್ಕೆಯ ಮೇಲಿನ ಭಾರ ಹೆಚ್ಚುತ್ತದೆ, ಸ್ಟಾಲ್ ಆಗುವ ವೇಗವೂ ಏರುತ್ತದೆ. ನೇರ ಹಾರಾಟದಲ್ಲಿ ಗಂಟೆಗೆ 90 ಕಿ.ಮೀ. ವೇಗದಲ್ಲಿ ಸ್ಟಾಲ್ ಆಗುವ ವಿಮಾನ, ಎತ್ತರ ಉಳಿಸಿಕೊಂಡು 45 ಡಿಗ್ರಿ ವಾಲಿ ತಿರುಗುವಾಗ ಸುಮಾರು 107 ಕಿ.ಮೀ. ವೇಗದಲ್ಲೇ ಸ್ಟಾಲ್ ಆಗುತ್ತದೆ. 60 ಡಿಗ್ರಿ ವಾಲಿದರೆ 127 ಕಿ.ಮೀ. ವೇಗದಲ್ಲಿ. ಎಂಜಿನ್ ಇಲ್ಲದ ವಿಮಾನದಲ್ಲಿ ಆ ಹೆಚ್ಚುವರಿ ವೇಗ ಬರುವುದೆಲ್ಲಿಂದ?

ಆದ್ದರಿಂದಲೇ ಕಡಿಮೆ ಎತ್ತರದಲ್ಲಿ ಎಂಜಿನ್ ನಿಂತರೆ ಬಹುಮಟ್ಟಿಗೆ ಎದುರಿಗೇ, ಅತ್ತಿತ್ತ ಸ್ವಲ್ಪವೇ ಹೊರಳಿ ಸಿಕ್ಕಿದ ಬಯಲಿನಲ್ಲಿ ಇಳಿಯಬೇಕೆಂದು ಬೋಧಕರು ಹೇಳುತ್ತಾರೆ. ಹೊಲದಲ್ಲಿ ಇಳಿದ ವಿಮಾನದ ಚಕ್ರ ಮುರಿಯಬಹುದು, ರೆಕ್ಕೆ ಹರಿಯಬಹುದು. ಆದರೆ ನಿಯಂತ್ರಣದಲ್ಲಿದ್ದು ನಿಧಾನ ವೇಗದಲ್ಲಿ ನೆಲ ಮುಟ್ಟಿದವರು ಬದುಕುವ ಸಾಧ್ಯತೆ, ಸುತ್ತುತ್ತಾ ಮೂತಿ ಕೆಳಗಾಗಿ ಬಿದ್ದವರಿಗಿಂತ ಎಷ್ಟೋ ಪಾಲು ಹೆಚ್ಚು.

ಎಂಟು ವರ್ಷ ಬೆವರು ಸುರಿಸಿ ಕಟ್ಟಿದ ವಿಮಾನವನ್ನು ಹೊಲಕ್ಕೆ ಇಳಿಸಲು ಕಟ್ಟಿದವರಿಗೆ ಮನಸ್ಸು ಬರುವುದು ಕಷ್ಟ. ವಿಮಾನ ಉಳಿಸಲು ಹೋಗಿ ಜೀವ ಕಳೆದುಕೊಳ್ಳುವ ಅಪಾಯ ಬಾಡಿಗೆ ವಿಮಾನ ಹಾರಿಸುವವರಿಗಿಂತ ಇವರಿಗೇ ಹೆಚ್ಚು.

ಗ್ಯಾರೇಜಿನಲ್ಲಿ ಉಳಿದ ತಪ್ಪುಗಳು

ಎಲ್ಲ ದೋಷವನ್ನೂ ಪೈಲಟ್ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಜೋಡಣೆಯ ತಪ್ಪುಗಳು ಮೊದಲು ಬಯಲಾಗುವುದು ಟೇಕಾಫ್‌ನಲ್ಲೇ. ಇಂಧನದ ಕೊಳವೆಯಲ್ಲಿ ಸಿಕ್ಕಿಕೊಂಡ ಸೀಲರ್ ಚೂರು, ಗಾಳಿಯಾಡುವ ರಂಧ್ರ ಮುಚ್ಚಿಹೋದ ಟ್ಯಾಂಕ್, ಬಿಸಿಗೆ ಆವಿಯಾಗುವ ಪೆಟ್ರೋಲ್ ಇವೆಲ್ಲ ನಿಂತಲ್ಲೇ ಎಂಜಿನ್ ಓಡಿಸಿದಾಗ ತಿಳಿಯದೆ, ಮೂತಿ ಮೇಲಕ್ಕೆತ್ತಿ ಪೂರ್ತಿ ಶಕ್ತಿ ಕೇಳಿದಾಗ ಎದುರಾಗುತ್ತವೆ. ಮೇಲ್ಮುಚ್ಚಳದ ಚಿಲಕ ಸರಿಯಾಗಿ ಬೀಳದೆ ರನ್‌ವೇ ಬಿಟ್ಟ ಕೂಡಲೇ ತೆರೆದುಕೊಂಡರೆ ಗಾಳಿಯ ಭೋರ್ಗರೆತಕ್ಕೆ ಪೈಲಟ್ ಕಂಗಾಲಾಗಬಹುದು. ಮುಚ್ಚಳ ತೆರೆದಿದ್ದರೂ ಸಾಮಾನ್ಯವಾಗಿ ವಿಮಾನ ಹಾರುತ್ತದೆ. ಅದನ್ನು ಮುಚ್ಚಲು ಹೋಗಿ ವೇಗ ನೋಡುವುದನ್ನು ಮರೆತರೆ ಬೀಳುತ್ತದೆ.

ಅತ್ಯಂತ ಭಯಾನಕವಾದುದು ನಿಯಂತ್ರಣದ ತಂತಿಗಳನ್ನು ತಿರುವು ಮುರುವಾಗಿ ಜೋಡಿಸುವುದು. ಎಡಕ್ಕೆ ವಾಲಿಸಿದರೆ ವಿಮಾನ ಬಲಕ್ಕೆ ವಾಲುತ್ತದೆ. ಸರಿಪಡಿಸಲು ಹೋದಷ್ಟೂ ಹೆಚ್ಚು ಹದಗೆಡುತ್ತದೆ. ಇದು ಅರೆಕಲಿತವರ ತಪ್ಪು ಎಂದು ಹಗುರವಾಗಿ ಕಾಣುವಂತಿಲ್ಲ. ಎರಡನೇ ಮಹಾಯುದ್ಧದ ಪ್ರಸಿದ್ಧ ಲ್ಯಾಂಕಾಸ್ಟರ್ ಬಾಂಬರ್ ವಿಮಾನದ ವಿನ್ಯಾಸಕ ರಾಯ್ ಚಾಡ್ವಿಕ್ 1947ರ ಆಗಸ್ಟ್ 23ರಂದು ಇಂಗ್ಲೆಂಡಿನ ವುಡ್‌ಫರ್ಡ್‌ನಲ್ಲಿ ಸತ್ತದ್ದು ಹೀಗೆಯೇ. ದೊಡ್ಡ ಕಾರ್ಖಾನೆಯೊಂದು ಕಟ್ಟಿದ ಆವ್ರೊ ಟ್ಯೂಡರ್ ವಿಮಾನದಲ್ಲಿ, ರೆಕ್ಕೆಯ ವಾಲಿಕೆ ನಿಯಂತ್ರಿಸುವ ಐಲೆರಾನ್‌ಗಳ ತಂತಿ ಅದಲು ಬದಲಾಗಿತ್ತು. ಟೇಕಾಫ್ ಆದ ತಕ್ಷಣ ವಿಮಾನ ಹಿಡಿತ ತಪ್ಪಿ ನಾಲ್ವರು ಪ್ರಾಣ ಕಳೆದುಕೊಂಡರು.

ಅಂದಿನಿಂದ ಇಂದಿಗೂ ಅದಕ್ಕೆ ಮದ್ದು ಒಂದೇ, ಖರ್ಚೂ ಇಲ್ಲ. ಹೊರಡುವ ಮುನ್ನ ಸ್ಟಿಕ್ ಅನ್ನು ಎಡಕ್ಕೆ ಸರಿಸಿ ಎಡ ಐಲೆರಾನ್ ಮೇಲೆದ್ದಿದೆಯೇ ಎಂದು ಕಣ್ಣಾರೆ ನೋಡುವುದು. ನಿಯಂತ್ರಣ ಸಲೀಸಾಗಿ ಚಲಿಸಿದರೆ ಸಾಲದು, ಸರಿಯಾದ ದಿಕ್ಕಿಗೆ ಚಲಿಸಬೇಕು.

ಕಟ್ಟಿದವರು ಒಬ್ಬರು, ಹಾರಿಸುವವರು ಇನ್ನೊಬ್ಬರು

ಹಳೆಯ ವಿಮಾನ ಕೊಂಡವರ ಅಪಾಯಕ್ಕೆ ಜಗತ್ತಿಗೇ ತಿಳಿದ ಉದಾಹರಣೆ ಅಮೆರಿಕದ ಜನಪ್ರಿಯ ಗಾಯಕ ಜಾನ್ ಡೆನ್ವರ್ ಅವರದು. 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ಅವರ ಲಾಂಗ್ ಈಜಿ ವಿಮಾನ ಸಮುದ್ರಕ್ಕೆ ಬಿತ್ತು. ಅವರು ಅನುಭವಿ ಪೈಲಟ್. ಆದರೆ ಆ ವಿಮಾನ ಬೇರೊಬ್ಬರು ಕಟ್ಟಿದ್ದು, ಡೆನ್ವರ್ ಕೈಗೆ ಹೊಸದು. ಅಂದು ರನ್‌ವೇ ಮುಟ್ಟಿ ಮತ್ತೆ ಏರುವ ಅಭ್ಯಾಸವನ್ನು ಕೆಲವು ಬಾರಿ ಮಾಡಿ ಅವರು ಸಮುದ್ರದ ಕಡೆಗೆ ತಿರುಗಿದ್ದರು. ಅಪಘಾತ ಟೇಕಾಫ್‌ನಲ್ಲಿ ಆದದ್ದಲ್ಲವಾದರೂ ಅದರ ಬೇರು ಇಲ್ಲಿ ಚರ್ಚಿಸಿದ್ದೇ.

ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಇಂಧನ ಬದಲಿಸುವ ಹಿಡಿಯನ್ನು ಕಟ್ಟಿದವರು ಮೂಲ ನಕ್ಷೆಯ ಜಾಗ ಬಿಟ್ಟು ಪೈಲಟ್‌ನ ಎಡ ಭುಜದ ಹಿಂದೆ ಇರಿಸಿದ್ದರು. ಹಿಂತಿರುಗಿ ಅದನ್ನು ತಿರುಗಿಸಲು ಪ್ರಯತ್ನಿಸುವಾಗ ಗಮನ ಬೇರೆಡೆ ಹರಿದು, ಅರಿವಿಲ್ಲದೆ ಬಲಗಾಲು ರಡ್ಡರ್ ಪೆಡಲ್ ಒತ್ತಿ ವಿಮಾನ ಹಿಡಿತ ತಪ್ಪಿತು ಎಂದು ಸುರಕ್ಷತಾ ಮಂಡಳಿ ತೀರ್ಮಾನಿಸಿತು. ಹೊಸ ಬಗೆಯ ವಿಮಾನಕ್ಕೆ ಒಗ್ಗಿಕೊಳ್ಳುವ ತರಬೇತಿ ಸಾಲದಾಗಿತ್ತು ಎಂಬುದನ್ನೂ ಅದು ಕಾರಣಗಳ ಸಾಲಿಗೆ ಸೇರಿಸಿತು.

ಸ್ವತಃ ಕಟ್ಟಿದವರಿಗಾದರೂ ತಮ್ಮ ವಿಮಾನದ ತಿರುಪು ತಿರುಪೂ ಗೊತ್ತು. ಅವರ ತೊಂದರೆ ಬೇರೆ. ಕಟ್ಟುವ ವರ್ಷಗಳಲ್ಲಿ ಬಿಡುವೂ ಹಣವೂ ಗ್ಯಾರೇಜಿಗೆ ಹೋಗುತ್ತದೆ, ಹಾರಾಟದ ಅಭ್ಯಾಸ ತಪ್ಪುತ್ತದೆ. ಕೊನೆಗೆ ವಿಮಾನ ಸಿದ್ಧವಾದ ದಿನ ಅತ್ಯಂತ ಚುರುಕಾದ ಕೈ ಬೇಕಾದ ಹಾರಾಟಕ್ಕೆ ತುಕ್ಕು ಹಿಡಿದ ಕೈ ಮುಂದಾಗುತ್ತದೆ. ಸುತ್ತ ನಿಂತ ಮನೆಯವರು, ಗೆಳೆಯರು, ಕ್ಯಾಮೆರಾಗಳು. ಅಂದು ಹಾರಬಾರದು ಎನಿಸಿದರೂ ಹೇಳುವುದು ಸುಲಭವಲ್ಲ.

ತಡೆಯುವ ದಾರಿಗಳು

2012ರ ಅಧ್ಯಯನದ ಶಿಫಾರಸುಗಳು ಈ ದೌರ್ಬಲ್ಯಗಳನ್ನೇ ಗುರಿಯಾಗಿಸಿದ್ದವು. ಪ್ರಮಾಣಪತ್ರ ನೀಡುವ ಮುನ್ನ ಇಂಧನ ವ್ಯವಸ್ಥೆಯ ಪರೀಕ್ಷೆ ಕಡ್ಡಾಯವಾಗಲಿ, ಹೊಸ ಮಾಲೀಕರಿಗೆ ಅದೇ ಬಗೆಯ ವಿಮಾನದಲ್ಲಿ ತರಬೇತಿ ದೊರೆಯುವಂತಾಗಲಿ, ಪರೀಕ್ಷಾ ಹಾರಾಟದಲ್ಲಿ ಅರ್ಹ ಎರಡನೇ ಪೈಲಟ್‌ಗೆ ಅವಕಾಶ ಸಿಗಲಿ ಎಂದು ಅದು ಸೂಚಿಸಿತ್ತು. ಪರೀಕ್ಷಾ ಹಂತವೆಂದರೆ ಸಾಮಾನ್ಯವಾಗಿ ಮೊದಲ 25 ಅಥವಾ 40 ಗಂಟೆಗಳು. ಆಗ ಪ್ರಯಾಣಿಕರನ್ನು ಒಯ್ಯುವಂತಿಲ್ಲ, ನಿಗದಿತ ಪ್ರದೇಶ ದಾಟುವಂತಿಲ್ಲ. ಒಬ್ಬರೇ ಹಾರಬೇಕೆಂಬ ಹಳೆಯ ಕಟ್ಟುಪಾಡನ್ನು ಸಡಿಲಿಸಿ, ಆ ಮಾದರಿಯ ಅನುಭವವುಳ್ಳ ಇನ್ನೊಬ್ಬ ಪೈಲಟ್ ಜತೆಗಿರಲು 2014ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ ಅನುಮತಿ ನೀಡಿತು. ಗಂಟೆಗಳ ಲೆಕ್ಕಕ್ಕೆ ಬದಲಾಗಿ ನಿಗದಿತ ಪರೀಕ್ಷೆಗಳನ್ನು ಒಂದೊಂದಾಗಿ ಪೂರೈಸುವ ಮಾರ್ಗವನ್ನು 2023ರಲ್ಲಿ ಸೇರಿಸಲಾಯಿತು.

ರೆಕ್ಕೆಯ ಕೋನ ಮಿತಿ ಸಮೀಪಿಸಿದಾಗ ಬಣ್ಣದ ದೀಪ ಅಥವಾ ಧ್ವನಿಯಿಂದ ಎಚ್ಚರಿಸುವ ಉಪಕರಣ ಈಗ ಸುಲಭವಾಗಿ ಸಿಗುತ್ತದೆ. ಹವ್ಯಾಸಿ ವಿಮಾನಕ್ಕೆ ಅದನ್ನು ಅಳವಡಿಸಲು ವಿಶೇಷ ಅನುಮತಿಯೂ ಬೇಡ.

ಉಪಕರಣಕ್ಕಿಂತ ಮಿಗಿಲಾದುದು, ಎಂಜಿನ್ ಚಾಲೂ ಮಾಡುವ ಮುನ್ನವೇ ಮಾಡಿಕೊಂಡ ನಿರ್ಧಾರ. ರನ್‌ವೇಯ ಯಾವ ಗುರುತಿನೊಳಗೆ ವೇಗ ಬರದಿದ್ದರೆ ಟೇಕಾಫ್ ಕೈಬಿಡಬೇಕು, ಎಷ್ಟು ಎತ್ತರದ ಕೆಳಗೆ ಎಂಜಿನ್ ನಿಂತರೆ ಹಿಂತಿರುಗುವ ಯೋಚನೆಯನ್ನೇ ಮಾಡಬಾರದು, ಎದುರಿಗೆ ಯಾವ ಬಯಲಿದೆ ಎಂಬುದನ್ನು ಮೊದಲೇ ನಿಶ್ಚಯಿಸಿ ಗಟ್ಟಿಯಾಗಿ ಹೇಳಿಕೊಂಡವರಿಗೆ ಆ ಮೂರ್ನಾಲ್ಕು ಸೆಕೆಂಡು ಉಳಿಯುತ್ತದೆ. ರನ್‌ವೇ ಮೇಲೆ ವೇಗವಾಗಿ ಓಡಿಸಿ ನೋಡುವ ಪರೀಕ್ಷೆಯನ್ನೂ ಹಾರಾಟಕ್ಕೆ ಸಿದ್ಧರಾಗಿಯೇ ಮಾಡಬೇಕು. ಓಡಿಸಲು ಹೊರಟ ವಿಮಾನ ಅನಿರೀಕ್ಷಿತವಾಗಿ ನೆಲ ಬಿಟ್ಟೆದ್ದು ಅಪಘಾತವಾದ ನಿದರ್ಶನಗಳಿವೆ.

ನಮ್ಮ ನೆಲದಲ್ಲಿ

ಕರ್ನಾಟಕಕ್ಕೆ ಈ ವಿಷಯ ತೀರಾ ದೂರದ್ದೇನಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಎನ್‌ಎಎಲ್, 1980ರ ದಶಕದಲ್ಲಿ ನಿರ್ಮಿಸಿದ ಪುಟ್ಟ ಸಂಶೋಧನಾ ವಿಮಾನಕ್ಕೆ ಆಧಾರವಾಗಿದ್ದುದು ಬರ್ಟ್ ರುಟಾನ್ ಹವ್ಯಾಸಿಗಳಿಗೆಂದೇ ರೂಪಿಸಿದ ಅದೇ ಲಾಂಗ್ ಈಜಿ ವಿನ್ಯಾಸ. ಫೈಬರ್ ಸಂಯುಕ್ತಗಳಿಂದ ವಿಮಾನ ಕಟ್ಟುವ ವಿದ್ಯೆ ಆ ಯತ್ನದಿಂದ ಕೈಗೂಡಿತು. 1993ರಲ್ಲಿ ಮೊದಲು ಹಾರಿದ ಎರಡು ಆಸನಗಳ ಹಂಸ ತರಬೇತಿ ವಿಮಾನ ಅದೇ ಸಂಸ್ಥೆಯದು. ಮುಂಬಯಿಯ ಪೈಲಟ್ ಅಮೋಲ್ ಯಾದವ್ ಮನೆಯ ತಾರಸಿಯ ಮೇಲೆ ಕಟ್ಟಿದ ವಿಮಾನವನ್ನು 2016ರ ಮೇಕ್ ಇನ್ ಇಂಡಿಯಾ ಸಪ್ತಾಹದಲ್ಲಿ ದೇಶವೇ ನೋಡಿತು. 2017ರಲ್ಲಿ ಅದಕ್ಕೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನೋಂದಣಿ ದೊರೆಯಿತು. ಕಟ್ಟುವ ಉತ್ಸಾಹ ಇಲ್ಲಿಯೂ ಇದೆ.

ಇಲ್ಲಿನ ಹವೆ ಮಾತ್ರ ಇನ್ನೊಂದು ಎಚ್ಚರಿಕೆ ಕೇಳುತ್ತದೆ. ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಿರುವ ಬೆಂಗಳೂರಿನ ಜಕ್ಕೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಬೇಸಿಗೆಯ ಮಧ್ಯಾಹ್ನ ತಾಪಮಾನ 35 ಡಿಗ್ರಿ ತಲುಪಿದರೆ ಅಲ್ಲಿನ ಗಾಳಿ ಸುಮಾರು 1,800 ಮೀಟರ್ ಎತ್ತರದಲ್ಲಿರುವಷ್ಟು ತೆಳುವಾಗುತ್ತದೆ. ಸಾಮಾನ್ಯ ಪಿಸ್ಟನ್ ಎಂಜಿನ್ ತನ್ನ ಶಕ್ತಿಯಲ್ಲಿ ಸುಮಾರು ಐದನೇ ಒಂದು ಭಾಗ ಕಳೆದುಕೊಳ್ಳುತ್ತದೆ. ಪ್ರೊಪೆಲ್ಲರ್‌ಗೂ ರೆಕ್ಕೆಗೂ ಕಚ್ಚಲು ಗಾಳಿ ಸಾಲದು. ಬೆಳಗಿನ ತಂಪಿನಲ್ಲಿ ಸಲೀಸಾಗಿ ಏರಿದ ವಿಮಾನಕ್ಕೆ ಮಧ್ಯಾಹ್ನ ಅದೇ ರನ್‌ವೇ ಗಿಡ್ಡವೆನಿಸಬಹುದು.

ಸ್ವಂತ ಕೈಯಿಂದ ವಿಮಾನ ಕಟ್ಟುವುದು ಮೂರ್ಖತನವಲ್ಲ. ವಿಮಾನವೆಂಬುದು ಹುಟ್ಟಿದ್ದೇ ಹಾಗೆ. ಆದರೆ ರೈಟ್ ಸೋದರರು 1903ಕ್ಕೆ ಮುನ್ನ ಮೂರು ವರ್ಷ ಎಂಜಿನ್ ಇಲ್ಲದ ಗ್ಲೈಡರ್‌ಗಳಲ್ಲಿ ಹಾರಾಟದ ಹಿಡಿತ ಕಲಿತಿದ್ದರು ಎಂಬುದನ್ನು ಮರೆಯುವಂತಿಲ್ಲ. ಅಷ್ಟು ಕಲಿತ ವಿಲ್ಬರ್ ಕೂಡ ಹೊಸ ಯಂತ್ರದ ಮೊದಲ ಟೇಕಾಫ್‌ನಲ್ಲಿ ಮೂತಿಯನ್ನು ಅತಿಯಾಗಿ ಎತ್ತಿದರು. ಗ್ಯಾರೇಜಿನ ಬಾಗಿಲು ತೆರೆದು ಹೊಸ ವಿಮಾನವನ್ನು ಹೊರಗೆ ತಳ್ಳುವ ಪ್ರತಿಯೊಬ್ಬರೂ ಕಟ್ಟಿದ್ದು ಮುಗಿಯಿತು, ಕಲಿಯುವುದು ಈಗ ಆರಂಭ ಎಂದುಕೊಂಡರೆ ಕ್ಷೇಮ.